ನೋಡಲು ಬಿದ್ರಿ, ಮುಟ್ಟಿದರೆ ಮಣ್ಣು: ಆಜಂಗಢದ ನಿಜಾಮಾಬಾದಿನ ಕಪ್ಪು ಮಡಿಕೆಗಳ ಬಗ್ಗೆ ಇಲ್ಲಿದೆ ಪೂರ್ಣ ಮಾಹಿತಿ

ಬೀದರ್: ಕರಕುಶಲ ಮೇಳಗಳಲ್ಲಿ ಒಂದು ಮಳಿಗೆ ಮುಂದೆ ಬೀದರಿನವರು ತಟ್ಟನೆ ನಿಂತುಬಿಡುವುದುಂಟು. ಕಡುಕಪ್ಪು ಹೂಜಿ, ಹೂದಾನಿ, ತಟ್ಟೆಗಳ ಸಾಲು. ಮೈತುಂಬ ಬೆಳ್ಳಿ ಬಣ್ಣದ ಬಳ್ಳಿ, ಎಲೆ, ಹೂವು. ‘ಅರೆ, ಇದು ನಮ್ಮ ಬಿದ್ರಿ ಅಲ್ವಾ?’ ಅಂತ ಕೈಗೆತ್ತಿಕೊಂಡರೆ ಬಿದ್ರಿಯ ಭಾರವೇ ಇಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಲೋಹದ ದನಿ ಇಲ್ಲ, ಸುಟ್ಟ ಮಣ್ಣಿನ ದನಿ.

ಇದು ಮಡಿಕೆ. ಕುಂಬಾರರು ತಿಗರಿ ಮೇಲೆ ತಿರುಗಿಸಿ, ಹೊಗೆಯಲ್ಲಿ ಸುಟ್ಟು ಕಪ್ಪು ಮಾಡಿದ ಮಣ್ಣಿನ ಪಾತ್ರೆ. ಊರಿನ ಹೆಸರು ನಿಜಾಮಾಬಾದ್.

ಇಲ್ಲೇ ಮೊದಲ ಗೊಂದಲ ಶುರುವಾಗುತ್ತದೆ. ನಿಜಾಮಾಬಾದ್ ಅಂದ ಕೂಡಲೇ ಈ ಭಾಗದವರಿಗೆ ನೆನಪಾಗುವುದು ನೆರೆಯ ತೆಲಂಗಾಣದ ಊರು, ಅಲ್ಲಿನ ಅರಿಶಿನ ಮಾರುಕಟ್ಟೆ. ಆದರೆ ಕಪ್ಪು ಮಡಿಕೆಯ ನಿಜಾಮಾಬಾದ್ ಅದಲ್ಲ. ಅದು ಉತ್ತರ ಪ್ರದೇಶದ ಪೂರ್ವ ಭಾಗದ ಆಜಂಗಢ ಜಿಲ್ಲೆಯಲ್ಲಿದೆ. ಆನ್‌ಲೈನಿನಲ್ಲಿ ‘ನಿಜಾಮಾಬಾದ್ ಬ್ಲ್ಯಾಕ್ ಪಾಟರಿ’ ಎಂದು ಕಂಡರೆ ಅದು ಈ ಊರಿನದ್ದೇ.

ಊರು ಯಾವುದು, ಮಾಡುವವರು ಯಾರು?

ವಾರಾಣಸಿಯಿಂದ ಉತ್ತರಕ್ಕೆ ಸುಮಾರು 100 ಕಿ.ಮೀ. ಹೋದರೆ ಆಜಂಗಢ. ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ, ತಮಸಾ ನದಿಯ ಬಯಲಿನಲ್ಲಿ ನಿಜಾಮಾಬಾದ್ ಎಂಬ ಸಣ್ಣ ಪಟ್ಟಣವಿದೆ. ತಮಸಾ ನದಿಯನ್ನು ಅಲ್ಲಿಯವರು ಟೋನ್ಸ್ ಎಂದೂ ಕರೆಯುತ್ತಾರೆ. ಹಿಂದಿ ಓದುವವರಿಗೆ ಈ ಊರು ಬೇರೆ ಕಾರಣಕ್ಕೆ ಗೊತ್ತು: ‘ಪ್ರಿಯಪ್ರವಾಸ’ ಬರೆದ ಕವಿ ಅಯೋಧ್ಯಾ ಸಿಂಗ್ ಉಪಾಧ್ಯಾಯ ‘ಹರಿಔಧ್’ ಹುಟ್ಟಿದ್ದು ಇಲ್ಲೇ, 1865ರಲ್ಲಿ. ರಾಹುಲ ಸಾಂಕೃತ್ಯಾಯನ, ಕೈಫಿ ಆಜ್ಮಿ ಕೂಡ ಇದೇ ಆಜಂಗಢ ಜಿಲ್ಲೆಯವರು.

ಕಪ್ಪು ಮಡಿಕೆ ಮಾಡುವವರು ಕುಂಬಾರ ಸಮುದಾಯದ ಕುಟುಂಬಗಳು. ಉತ್ತರ ಭಾರತದಲ್ಲಿ ಪ್ರಜಾಪತಿ ಎಂಬುದು ಇವರ ಸಾಮಾನ್ಯ ಅಡ್ಡಹೆಸರು. ಇವರ ಹಿರಿಯರು ಗುಜರಾತಿನ ಕಚ್ಛ್ ಕಡೆಯಿಂದ ಬಂದವರು, ಮೊಘಲ್ ದೊರೆ ಔರಂಗಜೇಬನ ಆಳ್ವಿಕೆಯಲ್ಲಿ (1658–1707) ಇಲ್ಲಿ ನೆಲೆ ನಿಂತರು ಎಂಬುದು ಊರಿನಲ್ಲಿ ಪ್ರಚಲಿತವಾಗಿರುವ ಹೇಳಿಕೆ. ಬೆಳ್ಳಿ ಬಣ್ಣದ ಅಲಂಕಾರಕ್ಕೆ ದಖ್ಖನಿನ ಬಿದ್ರಿಯೇ ಪ್ರೇರಣೆ ಎಂದು ಈ ಕಲೆಯ ಬಗೆಗಿನ ಬರಹಗಳು ಹೇಳುತ್ತವೆ. ಅಂದರೆ ಮೇಳದಲ್ಲಿ ಬೀದರಿನವರು ಮೋಸ ಹೋಗುವುದು ಸುಮ್ಮನೆ ಅಲ್ಲ. ಕಣ್ಣು ಗುರುತಿಸಿದ್ದು ನಿಜವಾದ ನಂಟನ್ನೇ.

ಬ್ರಿಟಿಷರ ಕಾಲಕ್ಕಾಗಲೇ ಈ ಪಾತ್ರೆಗಳಿಗೆ ಹೆಸರು ಬಂದಿತ್ತು. 1880ರಲ್ಲಿ ಪ್ರಕಟವಾದ, ಭಾರತದ ಕೈಗಾರಿಕಾ ಕಲೆಗಳ ಕುರಿತ ಜಾರ್ಜ್ ಬರ್ಡ್‌ವುಡ್ ಅವರ ಪುಸ್ತಕದಲ್ಲಿ ಆಜಂಗಢದ ಕಪ್ಪು-ಬೆಳ್ಳಿ ಮಡಿಕೆಗಳ ಪ್ರಸ್ತಾಪವಿದೆ.

ಕಪ್ಪು ಬರುವುದು ಎಲ್ಲಿಂದ?

ಎಲ್ಲರೂ ಕೇಳುವ ಪ್ರಶ್ನೆ ಇದು. ಕಲಬುರಗಿ, ಬೀದರ್, ವಿಜಯಪುರ ಕಡೆಯವರು ತಕ್ಷಣ ಊಹಿಸುವ ಉತ್ತರ: ‘ಕರಿ ಎರೆ ಮಣ್ಣಿನಿಂದ ಮಾಡಿರ್ತಾರೆ, ಅದಕ್ಕೇ ಕಪ್ಪು’. ಅದು ತಪ್ಪು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಬಿಡುವ ಬಿರುಕು ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ಅದೊಂದರಿಂದಲೇ ಗಡಿಗೆ ಮಾಡಿದರೆ ಒಣಗುವಾಗಲೇ ಸೀಳುತ್ತದೆ. ಇನ್ನು ಬಣ್ಣ ಬಳಿದದ್ದು ಎಂದುಕೊಳ್ಳುವವರೂ ಇದ್ದಾರೆ. ಅದೂ ಅಲ್ಲ.

ನಿಜಾಮಾಬಾದಿನಲ್ಲಿ ಬಳಸುವುದು ಊರ ಸುತ್ತಲಿನ ಕೆರೆಗಳ ತಳದ ನುಣ್ಣನೆಯ ಜೇಡಿಮಣ್ಣು. ಎಲ್ಲ ಕುಂಬಾರರು ಬಳಸುವಂಥದ್ದೇ ಅದು. ತೆರೆದ ಬೆಂಕಿಯಲ್ಲಿ ಸುಟ್ಟರೆ ಮಾಮೂಲಿ ಕೆಂಪು ಮಡಿಕೆಯೇ ಆಗುತ್ತದೆ. ಕಪ್ಪು ಹುಟ್ಟುವುದು ಆವಿಗೆಯೊಳಗೆ, ಗಾಳಿ ಕಟ್ಟಿದಾಗ.

ಮೊದಲಿನಿಂದ ನೋಡೋಣ. ಕೆರೆಯಿಂದ ತಂದ ಮಣ್ಣನ್ನು ನೆನೆಸಿ, ಕಲ್ಲು-ಕಡ್ಡಿ-ಬೇರು ತೆಗೆದು, ತುಳಿದು ನಾದಿ ಹದ ಮಾಡುತ್ತಾರೆ. ಹೂಜಿ, ಹೂದಾನಿ, ಬಟ್ಟಲು, ಚಹಾದ ಕೆಟಲಿನಂಥ ಗುಂಡನೆಯ ಪಾತ್ರೆಗಳನ್ನು ತಿಗರಿ ಮೇಲೆ ಎಬ್ಬಿಸುತ್ತಾರೆ. ದೇವರ ಮೂರ್ತಿಯಂಥವಕ್ಕೆ ಅಚ್ಚು ಬಳಸುತ್ತಾರೆ. ಅರ್ಧ ಒಣಗಿದ ಮೇಲೆ ತಳ ಕೆರೆದು, ಮೈ ಸಮ ಮಾಡಿ ಮತ್ತೆ ಒಣಗಲು ಬಿಡಬೇಕು. ಈ ಹಂತದವರೆಗೆ ಇಲ್ಲಿನ ಯಾವುದೇ ಕುಂಬಾರರ ಮನೆ ಕೆಲಸಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ವ್ಯತ್ಯಾಸ ಕಾಣುವುದು ‘ಕಾಬಿಜ್’ ಬಂದಾಗ. ಮಾವಿನ ತೊಗಟೆ, ಬಿದಿರಿನ ಎಲೆ, ಆಡುಸೋಗೆ ಸೊಪ್ಪು ಮುಂತಾದವನ್ನು ಜೇಡಿಮಣ್ಣಿನ ಜತೆ ಸೇರಿಸಿ ಮಾಡಿದ ತೆಳ್ಳನೆಯ ಲೇಪ ಇದು. ಒಣಗಿದ ಪಾತ್ರೆಗೆ ಇದನ್ನು ಬಳಿಯುತ್ತಾರೆ. ಅದರ ಮೇಲೆ ಸಾಸಿವೆ ಎಣ್ಣೆ ಸವರಿ ಉಜ್ಜಲು ಶುರು ಮಾಡುತ್ತಾರೆ. ಉಜ್ಜಿದಷ್ಟೂ ಮಣ್ಣಿನ ಕಣಗಳು ಒತ್ತಿಕೊಂಡು ಮಲಗುತ್ತವೆ, ಮೈ ಕನ್ನಡಿಯಂತೆ ನುಣುಪಾಗುತ್ತದೆ. ಕಪ್ಪು ಮಡಿಕೆಯ ಹೊಳಪಿನ ಮೂಲ ಇಲ್ಲಿದೆ. ಪಿಂಗಾಣಿಗೆ ಕೊಡುವಂಥ ಗಾಜಿನ ಲೇಪ ಇದಕ್ಕಿಲ್ಲ. ಈ ಹಂತದಲ್ಲಿ ಅವಸರ ಮಾಡಿದರೆ ಸುಟ್ಟ ಮೇಲೆ ಏನು ಮಾಡಿದರೂ ಆ ಮಿಂಚು ಬರುವುದಿಲ್ಲ.

ಆಮೇಲೆ ಕೆತ್ತನೆ. ಚೂಪು ಕಡ್ಡಿ ಅಥವಾ ಮೊಳೆಯಂಥ ಸಲಕರಣೆಯಿಂದ ಹೂವು, ಬಳ್ಳಿ, ಗೆರೆಗಳ ಚಿತ್ತಾರವನ್ನು ಹಸಿ ಪಾತ್ರೆಯ ಮೇಲೇ ಗೀರುತ್ತಾರೆ. ಪೆನ್ಸಿಲ್ ಗುರುತು ಹಾಕಿಕೊಂಡು ಗೀರುವ ಕೆಲಸವಲ್ಲ ಇದು. ಕೈ ತಪ್ಪಿದರೆ ಅಳಿಸುವ ಹಾಗಿಲ್ಲ, ಲೇಪ ಕಿತ್ತು ಬರುತ್ತದೆ. ಗೀರು ಆಳವಾದರೆ ಗೋಡೆ ಸೋಲುತ್ತದೆ, ತೀರಾ ಮೇಲಾದರೆ ನಂತರ ತುಂಬುವ ಬೆಳ್ಳಿ ಪುಡಿ ನಿಲ್ಲುವುದಿಲ್ಲ.

ಈಗ ಸುಡುವುದು. ಪಾತ್ರೆಗಳನ್ನು ಆವಿಗೆಯಲ್ಲಿ ಜೋಡಿಸಿ, ಭತ್ತದ ಹೊಟ್ಟಿನಂಥ ಹೊಗೆಯಾಡುವ ಉರುವಲು ಹಾಕಿ, ಗಾಳಿ ಒಳಗೆ ಹೋಗದಂತೆ ಮುಚ್ಚಿಬಿಡುತ್ತಾರೆ. ಉರಿಯಲು ಗಾಳಿ ಸಾಲದೆ ಹೊಟ್ಟು ಕಮರುತ್ತದೆ. ಆವಿಗೆ ತುಂಬ ದಟ್ಟ ಹೊಗೆ.

ಇದ್ದಿಲು ಸುಡುವುದನ್ನು ನೋಡಿದವರಿಗೆ ತಕ್ಷಣ ಅರ್ಥವಾದೀತು. ಕಟ್ಟಿಗೆ ರಾಶಿಗೆ ಮಣ್ಣು ಮೆತ್ತಿ ಮುಚ್ಚಿದರೆ ಇದ್ದಿಲು, ತೆರೆದಿಟ್ಟರೆ ಬೂದಿ. ಇಲ್ಲೂ ಅದೇ ಲೆಕ್ಕ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಗಾಳಿ ಸಿಕ್ಕಾಗ ಆಮ್ಲಜನಕ ಹೀರಿ ಕೆಂಪಾಗುತ್ತದೆ. ಹಂಚು, ಇಟ್ಟಿಗೆ, ಗಡಿಗೆಗಳ ಕೆಂಪು ಅದೇ. ಗಾಳಿ ಕಟ್ಟಿದಾಗ ಹಸಿದ ಬೆಂಕಿ ಮಣ್ಣಿನೊಳಗಿನ ಆಮ್ಲಜನಕವನ್ನೇ ಎಳೆದುಕೊಳ್ಳುತ್ತದೆ, ಕಬ್ಬಿಣ ಕಪ್ಪು ರೂಪಕ್ಕೆ ತಿರುಗುತ್ತದೆ. ಜತೆಗೆ ಹೊಗೆಯ ಇಂಗಾಲದ ಕಣಗಳು ಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಹೊಕ್ಕು ಕೂರುತ್ತವೆ. ಎರಡೂ ಸೇರಿ ಆ ಕಡುಕಪ್ಪು.

ಆವಿಗೆಯಲ್ಲಿ ಎಲ್ಲಾದರೂ ಒಂದು ಸಣ್ಣ ಸಂದು ಉಳಿಯಿತೋ, ಅಲ್ಲಿಂದ ಗಾಳಿ ನುಗ್ಗಿ ಆ ಭಾಗದ ಪಾತ್ರೆ ಕೆಂಪು ಕೆಂಪು ಮಚ್ಚೆಯಾಗುತ್ತದೆ. ಪೂರ್ತಿ ಆರುವ ಮೊದಲೇ ಬಾಯಿ ತೆರೆದರೂ ಅದೇ ಗತಿ: ಬಿಸಿ ಪಾತ್ರೆಗೆ ಗಾಳಿ ತಾಗಿ ಕಪ್ಪು ಹಾರಿಹೋಗುತ್ತದೆ. ದಿನಗಟ್ಟಲೆ ಉಜ್ಜಿ, ಗೀರಿ ಸಿದ್ಧ ಮಾಡಿದ ಮಾಲು ಒಂದು ಸಂದಿನಲ್ಲಿ ಕೆಡಬಹುದು. ಮುಚ್ಚಿದ ಮೇಲೆ ಒಳಗೆ ಇಣುಕುವ ಹಾಗಿಲ್ಲ. ಹೊಗೆಯ ಬಣ್ಣ, ವಾಸನೆ, ಕಳೆದ ಹೊತ್ತು ನೋಡಿ ಅಂದಾಜು ಮಾಡಬೇಕು. ಪುಸ್ತಕ ಓದಿ ಕಲಿಯುವ ವಿದ್ಯೆ ಅಲ್ಲ. ಅಪ್ಪನ ಪಕ್ಕ ಕೂತು ಹತ್ತಾರು ಆವಿಗೆ ನೋಡಬೇಕು, ಒಂದೆರಡು ಕೆಡಿಸಲೂ ಬೇಕು.

ಬೆಳ್ಳಿ ನಿಜವಾದ ಬೆಳ್ಳಿಯೇ?

ಅಲ್ಲ. ಸುಟ್ಟು ಹೊರತೆಗೆದ ಪಾತ್ರೆಗೆ ಮತ್ತೆ ಎಣ್ಣೆ ಸವರಿ, ಬಿಸಿ ತೋರಿಸಿ ಹೊಳಪು ತರುತ್ತಾರೆ. ನಂತರ ಗೀರುಗಳೊಳಗೆ ಸತು ಮತ್ತು ಪಾದರಸ ಸೇರಿಸಿ ಮಾಡಿದ ಪುಡಿಯನ್ನು ಉಜ್ಜಿ ತುಂಬುತ್ತಾರೆ. ತವರ, ಸೀಸದ ಪುಡಿ ಬಳಸುವುದೂ ಉಂಟು. ತುಂಬಿದ ಮೇಲೆ ತೊಳೆದರೆ ಗೀರಿನ ಹೊರಗಿನ ಪುಡಿ ಹೋಗಿ, ಒಳಗಿನದು ಮಾತ್ರ ಬೆಳ್ಳಿಯಂತೆ ಮಿಂಚುತ್ತದೆ.

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಪಾದರಸ, ಸೀಸ ಎರಡೂ ವಿಷ. ಕೊಂಡು ಷೋಕೇಸಿನಲ್ಲಿ ಇಡುವವರಿಗಿಂತ ಹೆಚ್ಚು ಅಪಾಯ ದಿನವೂ ಅದನ್ನು ಕೈಯಲ್ಲಿ ಉಜ್ಜುವವರಿಗೆ. ಪಾದರಸ ಸಾಧಾರಣ ಕೋಣೆಯ ಬಿಸಿಯಲ್ಲೇ ಆವಿಯಾಗುವ ಲೋಹ, ಅದರ ಆವಿ ನರಮಂಡಲಕ್ಕೆ ಹಾನಿ ಮಾಡುತ್ತದೆ. ಸೀಸದ ಧೂಳು ಮಕ್ಕಳಿಗೆ ಇನ್ನೂ ಕೆಟ್ಟದ್ದು. ಮನೆಯೇ ಕಾರ್ಖಾನೆಯಾದಾಗ ಅಡುಗೆ, ಊಟ, ಮಗುವಿನ ನಿದ್ದೆ ಎಲ್ಲ ಅದೇ ಜಗಲಿಯಲ್ಲಿ. ಕರಕುಶಲ ಕಲೆಯ ವೈಭವ ಹೇಳುವ ಬರಹಗಳಲ್ಲಿ ಈ ಸಾಲು ಸಾಮಾನ್ಯವಾಗಿ ಇರುವುದಿಲ್ಲ, ಇರಬೇಕಿತ್ತು.

ಬಿದ್ರಿಗೂ ಇದಕ್ಕೂ ಏನು ವ್ಯತ್ಯಾಸ?

ಕಣ್ಣಿಗೆ ಅಣ್ಣತಮ್ಮ, ಹುಟ್ಟಿನಲ್ಲಿ ಪೂರಾ ಬೇರೆ. ಬಿದ್ರಿ ಲೋಹ: ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ. ಕರಗಿಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರ ಹಾಕಿ ನುಣುಪು ಮಾಡಿ, ಕೆತ್ತನೆ ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಉಳಿಯಿಂದ ಕೊರೆದ ಗೆರೆಗಳಲ್ಲಿ ಅಸಲಿ ಬೆಳ್ಳಿಯ ತಂತಿ ಅಥವಾ ತಗಡು ಕೂರಿಸಿ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯೊಳಗಿನ, ಬಹುಕಾಲ ಬಿಸಿಲು-ಮಳೆ ಕಾಣದ ಜಾಗದ ಮಣ್ಣನ್ನು ನವಸಾಗರದ ಜತೆ ನೀರಿನಲ್ಲಿ ಕುದಿಸಿ ಪಾತ್ರೆಗೆ ಹಚ್ಚಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಮಣ್ಣು ಸರಿ ಇದೆಯೋ ಇಲ್ಲವೋ ಎಂದು ಹಳಬರು ನಾಲಿಗೆಗೆ ತಾಗಿಸಿ ನೋಡುವುದು ಜಿಲ್ಲೆಯವರಿಗೆಲ್ಲ ಗೊತ್ತಿರುವ ಸಂಗತಿ.

ಇಲ್ಲೊಂದು ತಮಾಷೆ ಇದೆ. ಬೀದರಿನಲ್ಲಿ ಲೋಹಕ್ಕೆ ಕಪ್ಪು ಕೊಡುವುದು ಮಣ್ಣು. ನಿಜಾಮಾಬಾದಿನಲ್ಲಿ ಮಣ್ಣಿಗೆ ಮಿಂಚು ಕೊಡುವುದು ಲೋಹ, ಅದೂ ಬಿದ್ರಿಯ ಒಡಲಲ್ಲಿರುವ ಅದೇ ಸತು. ಬಿದ್ರಿ ಬಿದ್ದರೆ ಸೊಟ್ಟಗಾದೀತು, ಅಷ್ಟೇ. ಇದು ಬಿದ್ದರೆ ಕತೆ ಮುಗಿಯಿತು. ಬೆಲೆಯಲ್ಲಿನ ಅಂತರಕ್ಕೂ ಮುಖ್ಯ ಕಾರಣ ಬೆಳ್ಳಿಯೇ. ಬಿದ್ರಿಯಲ್ಲಿ ಬೆಳ್ಳಿ ದರ ಏರಿದಂತೆ ಪಾತ್ರೆ ದರವೂ ಏರುತ್ತದೆ. ಮಡಿಕೆಯ ಬೆಲೆಯಲ್ಲಿ ಬಹುಪಾಲು ಕೈ ಕೆಲಸದ್ದು, ಅದಕ್ಕೇ ಗಿರಾಕಿಗಳು ಚೌಕಾಸಿ ಮಾಡುವುದೂ ಅಲ್ಲೇ ಹೆಚ್ಚು.

ಮಸ್ಕಿಯ ನೆಲದಲ್ಲೂ ಕಪ್ಪು ಮಡಿಕೆ

ಹೊಗೆ ಕಟ್ಟಿ ಮಡಿಕೆ ಕಪ್ಪು ಮಾಡುವ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ರಾಯಚೂರು ಜಿಲ್ಲೆಯ ಮಸ್ಕಿ ಎಂದರೆ 1915ರಲ್ಲಿ ಸಿಕ್ಕ ಅಶೋಕನ ಶಾಸನ ನೆನಪಾಗುತ್ತದೆ. ಅದೇ ಊರಿನಲ್ಲಿ 1954ರಲ್ಲಿ ಬಿ.ಕೆ. ಥಾಪರ್ ನೇತೃತ್ವದಲ್ಲಿ ಉತ್ಖನನ ನಡೆದಾಗ, ಬೃಹತ್ ಶಿಲಾಯುಗದ ಪದರಗಳಲ್ಲಿ ‘ಕಪ್ಪು-ಕೆಂಪು ಮಡಿಕೆ’ ಎಂದು ಪುರಾತತ್ವದವರು ಕರೆಯುವ ಪಾತ್ರೆಗಳು ಸಿಕ್ಕವು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದಾಗಲೂ ಇವೇ ಸಿಕ್ಕಿದ್ದವು. ಒಳಗೆ ಮತ್ತು ಕಂಠದ ಸುತ್ತ ಕಪ್ಪು, ಹೊರಮೈ ಕೆಂಪು. ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಸರಳ: ಪಾತ್ರೆಯನ್ನು ಬೋರಲು ಹಾಕಿ ಸುಟ್ಟರೆ ಬಾಯಿ ಕಡೆ ಗಾಳಿ ಸಿಗದೆ ಕಪ್ಪು, ತಳದ ಕಡೆ ಗಾಳಿ ತಾಗಿ ಕೆಂಪು. ಒಂದೇ ಪಾತ್ರೆಯ ಮೈಮೇಲೆ ಎರಡು ಬೆಂಕಿಯ ಗುರುತು.

ಮಣಿಪುರದ ಉಖ್ರುಲ್ ಜಿಲ್ಲೆಯ ಲಾಂಗ್‌ಪಿ ಊರಿನ ಕಪ್ಪು ಪಾತ್ರೆಗಳೂ ಈಗ ದೊಡ್ಡ ಊರುಗಳ ಅಂಗಡಿಗಳಲ್ಲಿ ಸಿಗುತ್ತವೆ. ಅವನ್ನು ಇದರ ಜತೆ ಗೊಂದಲ ಮಾಡಿಕೊಳ್ಳಬಾರದು. ಅಲ್ಲಿ ತಂಗ್‌ಖುಲ್ ನಾಗಾ ಜನ ಕಲ್ಲಿನ ಪುಡಿ ಬೆರೆಸಿದ ಮಣ್ಣನ್ನು ತಿಗರಿ ಇಲ್ಲದೆ ಕೈಯಲ್ಲೇ ರೂಪಿಸುತ್ತಾರೆ. ಅವು ಒಲೆ ಮೇಲಿಟ್ಟು ಅಡುಗೆ ಮಾಡುವ ಪಾತ್ರೆಗಳು, ಬೆಳ್ಳಿ ಅಲಂಕಾರ ಇರುವುದಿಲ್ಲ.

ಮನೆಯೇ ಕಾರ್ಖಾನೆ, ಮನೆಯೇ ಶಾಲೆ

ಕುಂಬಾರಿಕೆ ಒಬ್ಬರ ಕೆಲಸ ಅಲ್ಲ. ಇಡೀ ಮನೆಯ ಕೆಲಸ. ಭಾಲ್ಕಿಯೇ ಊರೆಂದು ನಂಬಲಾಗುವ ಶರಣ ಕುಂಬಾರ ಗುಂಡಯ್ಯನವರ ಕತೆಯನ್ನು ಹರಿಹರನ ರಗಳೆಯ ಮೂಲಕ ತಿಳಿದ ಈ ಭಾಗದವರಿಗೆ ಮಡಿಕೆ ಅಂದರೆ ಅದನ್ನು ಬಡಿಯುವ ಒಬ್ಬ ಮನುಷ್ಯ ಕಣ್ಣಮುಂದೆ ಬರುತ್ತಾನೆ. ಆದರೆ ಆ ಬಡಿತದ ಹಿಂದೆ ಮಣ್ಣು ಹೊತ್ತವರು, ಜರಡಿ ಹಿಡಿದವರು, ಆವಿಗೆಗೆ ಕುಳ್ಳು-ಹೊಟ್ಟು ಕೂಡಿಟ್ಟವರು ಇರುತ್ತಾರೆ. ನಿಜಾಮಾಬಾದಿನ ಕಪ್ಪು ಮಡಿಕೆಯಲ್ಲಂತೂ ಈ ಹಂಚಿಕೆ ಇನ್ನೂ ಬಿಗಿ. ತಿಗರಿ ಮುಂದೆ ಹೆಚ್ಚಾಗಿ ಗಂಡಸರು. ಲೇಪ ಹಚ್ಚುವುದು, ಎಣ್ಣೆ ಉಜ್ಜುವುದು, ಗೀರುವುದು, ಪುಡಿ ತುಂಬುವುದರಲ್ಲಿ ಮನೆಯ ಹೆಂಗಸರು, ದೊಡ್ಡ ಮಕ್ಕಳು.

ಹೊಗಳಿಕೆ ಮಾತ್ರ ತಿಗರಿ ಮುಂದೆ ಕೂತವರಿಗೇ ಸಲ್ಲುತ್ತದೆ. ಪಾತ್ರೆಯ ಆಕಾರ ನೋಡಿ ಯಾರೂ ಮೇಳದಲ್ಲಿ ನಿಲ್ಲುವುದಿಲ್ಲ, ನಿಲ್ಲಿಸುವುದು ಹೊಳಪು ಮತ್ತು ಚಿತ್ತಾರ. ಅವೆರಡೂ ಬಹುಪಾಲು ಮನೆಯೊಳಗಿನ ಕೈಗಳವು.

ಹೀಗೆ ಹಂಚಿಕೊಂಡ ವಿದ್ಯೆಯ ಕಷ್ಟವೂ ಅಲ್ಲೇ ಇದೆ. ಒಬ್ಬ ಮಗ ಬೇರೆ ಊರಿಗೆ ಕೆಲಸಕ್ಕೆ ಹೋದರೆ ಹೋಗುವುದು ಒಂದು ಆಳು ಅಲ್ಲ. ಅವನ ಹೆಂಡತಿ ಅತ್ತೆಯಿಂದ ಕಲಿಯಬೇಕಿದ್ದ ಉಜ್ಜುವ ಕೈ, ಅವನ ಮಕ್ಕಳು ನೋಡಿ ಕಲಿಯಬೇಕಿದ್ದ ಆವಿಗೆ, ಎಲ್ಲವೂ ಅವನ ಜತೆ ಊರು ಬಿಡುತ್ತದೆ. ಮತ್ತೆ ತರಬೇತಿ ಶಿಬಿರ ಮಾಡಿ ತಿಗರಿ ತಿರುಗಿಸುವುದನ್ನು ಕಲಿಸಬಹುದು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರ ಮಾಡುತ್ತಿರುವುದು ಅಂಥದ್ದೇ ಕೆಲಸ. ಆದರೆ ಆವಿಗೆಯ ಬಾಯಿ ಯಾವಾಗ ತೆರೆಯಬೇಕು ಎಂಬುದನ್ನು ಒಂದು ಶಿಬಿರದಲ್ಲಿ ಹೇಳಿಕೊಡುವುದು ಕಷ್ಟ.

ಇನ್ನೊಂದು ಪೆಟ್ಟು ಮಣ್ಣಿನದು. ಕೆರೆ ಒತ್ತುವರಿಯಾದರೆ, ಹೂಳು-ಕಸ ತುಂಬಿದರೆ, ನುಣ್ಣನೆಯ ಜೇಡಿ ಸಿಗುವುದಿಲ್ಲ. ಕೆರೆ ಮಣ್ಣು ತೆಗೆಯಲು ಅನುಮತಿಯ ತಕರಾರು ಎಲ್ಲ ಕಡೆಯ ಕುಂಬಾರರಿಗೂ ಇದೆ, ಕರ್ನಾಟಕದವರಿಗೂ ಗೊತ್ತು. ಉತ್ತರ ಪ್ರದೇಶ ಸರ್ಕಾರ 2018ರಲ್ಲಿ ಕುಂಬಾರರಿಗಾಗಿ ‘ಮಾಟಿ ಕಲಾ’ ಮಂಡಳಿ ರಚಿಸಿತು. ಮಣ್ಣು ಸುಲಭವಾಗಿ ಸಿಗುವಂತೆ ಮಾಡುವುದು, ವಿದ್ಯುತ್ ತಿಗರಿ ಕೊಡುವುದು ಅದರ ಕೆಲಸಗಳಲ್ಲಿ ಸೇರಿವೆ.

ಜಿಐ ಟ್ಯಾಗ್ ಬಂತು, ಏನಾಯ್ತು?

ನಿಜಾಮಾಬಾದಿನ ಕಪ್ಪು ಮಡಿಕೆಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್ ಸಿಕ್ಕಿದ್ದು 2015ರ ಡಿಸೆಂಬರ್‌ನಲ್ಲಿ. ಬಿದ್ರಿಗೆ ಅದಕ್ಕೂ ಸುಮಾರು ಹತ್ತು ವರ್ಷ ಮೊದಲೇ ಸಿಕ್ಕಿತ್ತು. 2018ರಲ್ಲಿ ಉತ್ತರ ಪ್ರದೇಶ ಸರ್ಕಾರ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಯೋಜನೆ ಆರಂಭಿಸಿದಾಗ ಆಜಂಗಢದ ಹೆಸರಿನ ಮುಂದೆ ಕಪ್ಪು ಮಡಿಕೆಯನ್ನೇ ಬರೆಯಲಾಯಿತು. 2022ರ ಜೂನ್‌ನಲ್ಲಿ ಜರ್ಮನಿಯಲ್ಲಿ ನಡೆದ ಜಿ-7 ಶೃಂಗಸಭೆಯ ವೇಳೆ ಪ್ರಧಾನಿ ನರೇಂದ್ರ ಮೋದಿ ಅವರು ಜಪಾನ್ ಪ್ರಧಾನಿ ಫುಮಿಯೊ ಕಿಶಿಡಾ ಅವರಿಗೆ ಉಡುಗೊರೆಯಾಗಿ ಕೊಟ್ಟಿದ್ದು ನಿಜಾಮಾಬಾದಿನ ಕಪ್ಪು ಪಾತ್ರೆಗಳನ್ನು. ಮಾರನೇ ದಿನ ಪತ್ರಿಕೆಗಳಲ್ಲೆಲ್ಲ ಊರಿನ ಹೆಸರು.

ಒಳ್ಳೆಯದೇ ಆಯಿತು. ಆದರೆ ಜಿಐ ಎಂದರೆ ಏನು ಎಂಬುದರ ಬಗ್ಗೆ ಇಲ್ಲೂ ಅಲ್ಲೂ ತಪ್ಪು ತಿಳಿವಳಿಕೆ ಇದೆ. ಅದು ಸರ್ಕಾರ ಕೊಡುವ ಪ್ರಶಸ್ತಿ ಅಲ್ಲ, ಸಹಾಯಧನವೂ ಅಲ್ಲ. ಹೆಸರಿನ ಮೇಲಿನ ಹಕ್ಕು. ಬೇರೆ ಊರಿನಲ್ಲಿ ಮಾಡಿದ ಮಾಲಿಗೆ ‘ನಿಜಾಮಾಬಾದ್’ ಎಂದು ಹೆಸರಿಟ್ಟು ಮಾರಿದರೆ ಕಾನೂನು ಪ್ರಕಾರ ತಡೆಯಬಹುದು, ಅಷ್ಟೇ. 1999ರ ಕಾಯ್ದೆ ಪ್ರಕಾರ ನೋಂದಣಿ ಪುಸ್ತಕದಲ್ಲಿ ಎರಡು ಭಾಗಗಳಿವೆ. ‘ಎ’ ಭಾಗದಲ್ಲಿ ಉತ್ಪನ್ನದ ಹೆಸರು ದಾಖಲಾಗುತ್ತದೆ. ‘ಬಿ’ ಭಾಗದಲ್ಲಿ ಆ ಹೆಸರು ಬಳಸಲು ಅಧಿಕೃತರಾದವರ ಹೆಸರುಗಳು. ಊರಿಗೆ ಟ್ಯಾಗ್ ಬಂದಿದೆ ಎಂದ ಮಾತ್ರಕ್ಕೆ ಪ್ರತಿ ಕುಟುಂಬವೂ ತಾನಾಗಿ ‘ಬಿ’ ಭಾಗಕ್ಕೆ ಸೇರುವುದಿಲ್ಲ. ಅರ್ಜಿ ಹಾಕಬೇಕು. ಕಾಗದಪತ್ರ ಗೊತ್ತಿರುವವರು, ಅಂಗಡಿ ಇರುವವರು ಹಾಕಿಸಿಕೊಳ್ಳುತ್ತಾರೆ. ಜಗಲಿಯಲ್ಲಿ ಕೂತು ಉಜ್ಜುವವರಿಗೆ ಅದರ ಸುದ್ದಿ ತಲುಪುವುದು ತಡ. ನೋಂದಣಿಗೆ ಹತ್ತು ವರ್ಷದ ಅವಧಿ, ಆಮೇಲೆ ನವೀಕರಿಸಬೇಕು ಎಂಬುದೂ ಹಾಗೇ.

ಬೀದರಿನವರಿಗೆ ಈ ಪಾಠ ಹೊಸದಲ್ಲ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆ ಹೆಮ್ಮೆಪಟ್ಟಿತು. ಕಲೆಗೆ ಗೌರವ ಸಿಗುವುದು ಬೇರೆ, ಅದನ್ನೇ ನಂಬಿದ ಮುಂದಿನ ತಲೆಮಾರಿನ ಹುಡುಗರಿಗೆ ತಿಂಗಳ ಖರ್ಚು ಹೊರಡುವುದು ಬೇರೆ.

ಉಡುಗೊರೆ ಪೆಟ್ಟಿಗೆಯ ಬೇಡಿಕೆಯಲ್ಲೂ ಒಂದು ತೊಡಕಿದೆ. ದೀಪಾವಳಿಗೆ, ಸರ್ಕಾರಿ ಕಾರ್ಯಕ್ರಮಕ್ಕೆ ಒಮ್ಮೆಲೇ ನೂರಾರು ಒಂದೇ ಥರದ ಹಣತೆ, ಹೂದಾನಿ ಬೇಕು ಎನ್ನುತ್ತಾರೆ. ಆವಿಗೆಯಲ್ಲಿ ಒಂದಷ್ಟು ಕೆಡುತ್ತವೆ, ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಅವಸರಕ್ಕೆ ಸಿಗುವ ಸುಲಭ ದಾರಿ ಎಂದರೆ ಕೆಂಪು ಮಡಿಕೆಗೆ ಕಪ್ಪು ಪೇಂಟ್, ಮೇಲೆ ಅಲ್ಯೂಮಿನಿಯಂ ಬಣ್ಣದ ಗೆರೆ. ದೂರದಿಂದ ನೋಡಿದರೆ ಎರಡೂ ಒಂದೇ. ಹಬ್ಬದ ಮಾರುಕಟ್ಟೆಯಲ್ಲಿ ಅಂಥವೂ ಇರುತ್ತವೆ.

ಕೊಳ್ಳುವವರಿಗೆ ಒಂದಿಷ್ಟು ಮಾತು

ಅಸಲಿಯನ್ನು ಗುರುತಿಸುವುದು ತೀರಾ ಕಷ್ಟವಲ್ಲ. ಮೊದಲು ತಳ ಮತ್ತು ಒಳಮೈ ನೋಡಿ. ಪೇಂಟ್ ಹೊಡೆದಿದ್ದರೆ ಬಾಯಿಯ ಒಳಗಡೆ ಎಲ್ಲೋ ಒಂದು ಕಡೆ ಬಣ್ಣ ನಿಂತು ಕೆಂಪು ಮಣ್ಣು ಇಣುಕುತ್ತದೆ. ಹೊಗೆಯಲ್ಲಿ ಸುಟ್ಟದ್ದರಲ್ಲಿ ಕಪ್ಪು ಮಣ್ಣಿನೊಳಗೇ ಇಳಿದಿರುತ್ತದೆ. ಅಂಚು ಚಕ್ಕೆ ಎದ್ದಿದ್ದರೆ ಅಲ್ಲೂ ಬೂದು ಇಲ್ಲವೇ ಕಪ್ಪು ಕಾಣಬೇಕು. ಉಗುರಿನಿಂದ ಕೆರೆದರೆ ಪೇಂಟ್ ಪದರವಾಗಿ ಏಳುತ್ತದೆ, ಇದು ಏಳುವುದಿಲ್ಲ. ಬೆಳ್ಳಿ ಗೆರೆಯ ಮೇಲೆ ಬೆರಳಾಡಿಸಿ: ಗೆರೆ ಉಬ್ಬಿದ್ದರೆ ಅದು ಮೇಲೆ ಬರೆದದ್ದು. ಅಸಲಿಯಲ್ಲಿ ಗೀರಿನೊಳಗೆ ತುಂಬಿದ್ದರಿಂದ ಮೈಗೆ ಸಮ ಇರುತ್ತದೆ, ಇಲ್ಲವೇ ಸ್ವಲ್ಪ ತಗ್ಗು. ಕೈಯಿಂದ ಗೀರಿದ್ದರಲ್ಲಿ ಒಂದು ಎಲೆಯಂತೆ ಇನ್ನೊಂದು ಎಲೆ ಇರುವುದೂ ಇಲ್ಲ. ಎರಡು ಹೂದಾನಿ ಪಕ್ಕಪಕ್ಕ ಇಟ್ಟಾಗ ಚೂರೂ ಫರಕು ಕಾಣದಿದ್ದರೆ ಅನುಮಾನಿಸಿ.

ಬೆಳ್ಳಿ ಅಲಂಕಾರ ಇರುವ ತಟ್ಟೆ-ಬಟ್ಟಲಿನಲ್ಲಿ ಊಟ ಬೇಡ, ಹುಳಿ ಪದಾರ್ಥವಂತೂ ಬೇಡವೇ ಬೇಡ. ಮೊಸರು, ಹುಣಸೆಹುಳಿ, ಉಪ್ಪಿನಕಾಯಿ ಈ ಲೋಹಗಳನ್ನು ಕರಗಿಸಿಕೊಳ್ಳಬಲ್ಲವು. ಅಲಂಕಾರವಿಲ್ಲದ ಸಾದಾ ಕಪ್ಪು ಪಾತ್ರೆ ಬೇಕೆಂದರೆ ಕೇಳಿ ನೋಡಿ. ಅದಕ್ಕೂ ಹೊಳಪಿಗೆ ಅರಗಿನಂಥ ಲೇಪ ಕೊಟ್ಟಿದ್ದಾರೋ ಹೇಗೆ ಎಂದು ಮಾರುವವರನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಹೂಜಿ, ಹೂದಾನಿಯಲ್ಲಿ ನೀರು ತುಂಬಿ ಮರದ ಮೇಜಿನ ಮೇಲೆ ಇಡುವವರು ಕೆಳಗೆ ಒಂದು ತಟ್ಟೆ ಇಡಬೇಕು. ಗಾಜಿನ ಲೇಪ ಇಲ್ಲದ ಮಣ್ಣು ಜಿನುಗುತ್ತದೆ, ಮನೆಯ ರಂಜಣಿಗೆ ಜಿನುಗಿದ ಹಾಗೇ.

ಒರೆಸಲು ಒಣ ಮೆತ್ತನೆ ಬಟ್ಟೆ ಸಾಕು. ಸಾಬೂನು, ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ತಿಕ್ಕುವ ನಾರು ಯಾವುದೂ ಬೇಡ. ಬಿದ್ರಿ ಕಪ್ಪು ಮಾಸಿದರೆ ತೆಂಗಿನೆಣ್ಣೆ ಸವರಿ ಒರೆಸುವ ರೂಢಿ ಬೀದರಿನ ಮನೆಗಳಲ್ಲಿದೆ. ಇದಕ್ಕೂ ಎಣ್ಣೆ ಆದೀತು, ಆದರೆ ಒಂದೇ ಹನಿ, ಅದೂ ಬೆಳ್ಳಿ ಗೆರೆ ಬಿಟ್ಟು.

ಆನ್‌ಲೈನಿನಲ್ಲಿ ತರಿಸುವವರು ಮಾರುವವರ ವಿಳಾಸ ಓದಲಿ. ಪಿನ್ ಕೋಡ್ ಬೇರೆ ರಾಜ್ಯದ್ದಾದರೂ ಮಾಲು ಅಸಲಿ ಇರಬಹುದು, ಮಧ್ಯವರ್ತಿಗಳು ಕೊಂಡು ಮಾರುತ್ತಾರೆ. ಆದರೆ ತಯಾರಾದ ಜಾಗ ಎಂದು ತೆಲಂಗಾಣದ ನಿಜಾಮಾಬಾದನ್ನು ತೋರಿಸಿದ್ದರೆ, ಮಾರುವವರಿಗೇ ತಾವು ಏನು ಮಾರುತ್ತಿದ್ದೇವೆ ಎಂಬುದು ಗೊತ್ತಿಲ್ಲ ಎಂದೇ ಅರ್ಥ.